ಜರ್ಮನ್ ಭಾಷಾ ತರಗತಿಯ ಬೋಧನ ಸಾಮಗ್ರಿ ಮತ್ತು ಒಳಗೊಳ್ಳುವಿಕೆ: ಗ್ರಿಮ್ ಕಥೆಗಳ ನೆಲೆಯಿಂದ ಕೆಲವು ಪ್ರಶ್ನೆಗಳು

ಪದವೊಂದರ ಅನುವಾದದಲ್ಲಿ ಉಂಟಾದ ತೊಡಕಿನಿಂದ ಈ ಚರ್ಚೆಯನ್ನು ಆರಂಭಿಸಬಹುದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರಗೊಂಡು ಜರ್ಮನಿಯಲ್ಲಿ 2009ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದಿತು. ಅದರ 24ನೆಯ ವಿಧಿ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ವ್ಯವಸ್ಥೆಯನ್ನು ಕುರಿತು ಹೇಳುತ್ತದೆ. ಇಂಗ್ಲಿಷ್ ಪಠ್ಯದಲ್ಲಿ 'ಇನ್‌ಕ್ಲೂಸಿವ್' ಎಂದಿದ್ದುದನ್ನು ಅಧಿಕೃತ ಜರ್ಮನ್ ಅನುವಾದವು 'ಇಂಟೆಗ್ರಾಟಿವ್' ಎಂದು ಮಾಡಿಕೊಂಡಿತು. ಅಂಗವಿಕಲರ ಸಂಘಟನೆಗಳು ಇದನ್ನು ಒಪ್ಪಲಿಲ್ಲ. 'ನೆಟ್ಸ್‌ವೆರ್ಕ್ ಆರ್ಟಿಕೆಲ್ 3' ಎಂಬ ಸಂಘಟನೆ ತನ್ನದೇ ಆದ 'ನೆರಳು ಅನುವಾದ'ವನ್ನು ಪ್ರಕಟಿಸಿತು. ಇದು ಕೇವಲ ಪದದ ಜಗಳವಲ್ಲ. ಮೊದಲ ಪದದ ಪ್ರಕಾರ ಮನೆ ಆಗಲೇ ಕಟ್ಟಿ ಮುಗಿದಿದೆ. ಹೊರಗಿದ್ದವರು ಅದರ ಬಾಗಿಲಿಗೆ ತಕ್ಕಂತೆ ತಲೆಬಾಗಿಸಿ ಒಳಬರಬೇಕು. ಎರಡನೆಯ ಪದವನ್ನು ಒಪ್ಪಿದರೆ ಬಾಗಿಲನ್ನೇ ಒಡೆದು ಮತ್ತೆ ಕಟ್ಟಬೇಕಾಗುತ್ತದೆ. ನಮ್ಮಲ್ಲಿ ಬಳಕೆಯಾಗುತ್ತಿರುವ 'ಸಮನ್ವಯ ಶಿಕ್ಷಣ' ಎಂಬ ಪದವೂ ಈ ಎರಡು ಅರ್ಥಗಳ ನಡುವೆ ತೂಗಾಡುತ್ತಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಪ್ರಸ್ತುತ ಲೇಖನದ ವ್ಯಾಪ್ತಿ ಜರ್ಮನ್ ಭಾಷೆಯನ್ನು ಕಲಿಸುವ ತರಗತಿಗೆ, ಅದರಲ್ಲಿಯೂ ಅಲ್ಲಿ ಬಳಕೆಯಾಗುವ ಪಠ್ಯಗಳಿಗೆ ಸೀಮಿತವಾಗಿದೆ. ಜಾನಪದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಏನು ಕೆಲಸ ಎಂಬ ಪ್ರಶ್ನೆ ಸಹಜ. ಜರ್ಮನ್ ಕಲಿಯುವವನು ಎರಡು ಕಡೆ ಗ್ರಿಮ್ ಸಹೋದರರನ್ನು ಎದುರಾಗುತ್ತಾನೆ. ಭೂತಕಾಲದ ಕ್ರಿಯಾರೂಪಗಳನ್ನು ಕಲಿಸಲು ಅಧ್ಯಾಪಕರು ಆಶ್ರಯಿಸುವ ಪಠ್ಯ ಬಹುಮಟ್ಟಿಗೆ ಅವರ ಸಂಗ್ರಹದ ಕಥೆಯೇ ಆಗಿರುತ್ತದೆ. ಆ ಕ್ರಿಯಾಪದಗಳನ್ನು 'ಪ್ರಬಲ', 'ದುರ್ಬಲ' ಎಂದು ವಿಂಗಡಿಸುವ ಪರಿಭಾಷೆ ಯಾಕೋಬ್ ಗ್ರಿಮ್‌ನ ವ್ಯಾಕರಣದಿಂದ ಬಂದುದು. ಗ್ರಿಮ್ ಸಹೋದರರು ತಮ್ಮ ಕಥೆಗಳಿಗೆ ಬರೆದ ಟಿಪ್ಪಣಿಗಳನ್ನು ಮೂಲದಲ್ಲಿಯೇ ಓದಬೇಕೆಂಬ ಆಸೆಯಿಂದ ನಾನೂ ಬೆಂಗಳೂರಿನಲ್ಲಿ ಕೆಲವು ಕಾಲ ಜರ್ಮನ್ ತರಗತಿಯಲ್ಲಿ ಕುಳಿತವನು. ಅಲ್ಲಿನ ಒಂದು ಅನುಭವವನ್ನು ಕೊನೆಯಲ್ಲಿ ಹೇಳುತ್ತೇನೆ.

ವಿದೇಶೀಯರಿಗಾಗಿ ಸಿದ್ಧವಾದ ಜರ್ಮನ್ ಪಠ್ಯಪುಸ್ತಕಗಳ ಚರಿತ್ರೆ ದೀರ್ಘವಾದುದು. ಡೋರಾ ಶುಲ್ಟ್ಸ್ ಮತ್ತು ಹೈನ್ಸ್ ಗ್ರೀಸ್‌ಬಾಕ್ 1955ರಲ್ಲಿ ಹೊರತಂದ ಪುಸ್ತಕ ವ್ಯಾಕರಣವನ್ನೇ ಬೆನ್ನೆಲುಬಾಗಿ ಮಾಡಿಕೊಂಡಿತ್ತು. 1980ರ ದಶಕದ ಹೊತ್ತಿಗೆ ಸಂವಹನ ಕ್ರಮ ಮುಂದೆ ಬಂದಿತು. 1990ರ 'ಎಬಿಸಿಡಿ' ಪ್ರಮೇಯಗಳು ಜರ್ಮನ್ ಎಂದರೆ ಒಂದೇ ದೇಶದ ಭಾಷೆಯಲ್ಲ, ಆಸ್ಟ್ರಿಯ ಮತ್ತು ಸ್ವಿಟ್ಜರ್‌ಲೆಂಡ್‌ಗಳ ರೂಪಗಳಿಗೂ ತರಗತಿಯಲ್ಲಿ ಸ್ಥಾನವಿರಬೇಕೆಂದು ವಾದಿಸಿದವು. ಯುರೋಪಿನ ಸಾಮಾನ್ಯ ಭಾಷಾ ಚೌಕಟ್ಟಿಗೆ 2020ರಲ್ಲಿ ಅಂತಿಮರೂಪ ಪಡೆದ ಪೂರಕ ಸಂಪುಟವು ತನ್ನ ಸಾಮರ್ಥ್ಯ ಸೂಚಿಗಳಿಂದ 'ಮಾತೃಭಾಷಿಕ' ಎಂಬ ಅಳತೆಗೋಲನ್ನು ಕೈಬಿಟ್ಟಿತು. ಸನ್ನೆಭಾಷೆಯ ಸಾಮರ್ಥ್ಯಗಳನ್ನು ಸೇರಿಸಿತು. ಇವೆಲ್ಲ ಸ್ವಾಗತಾರ್ಹ.

ಆದರೆ ಪಠ್ಯಪುಸ್ತಕದ ಪುಟದಲ್ಲಿ ಒಳಗೊಳ್ಳುವಿಕೆ ಎಂಬುದು ಬಹುಮಟ್ಟಿಗೆ ಚಿತ್ರದ ಕೆಲಸವಾಗಿ ಉಳಿದಿದೆ. ಗುಂಪಿನಲ್ಲಿ ಒಬ್ಬ ಕಪ್ಪು ಬಣ್ಣದವನು, ಒಬ್ಬಳು ತಲೆವಸ್ತ್ರ ಧರಿಸಿದವಳು, ಗಾಲಿಕುರ್ಚಿಯಲ್ಲಿ ಒಬ್ಬರು. ಇಂತಹ ಚಿತ್ರಗಳು ಬೇಡವೆಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅದೇ ಪುಟದ ಸಂಭಾಷಣೆಯಲ್ಲಿ ಪ್ರಶ್ನೆ ಕೇಳುವವರು ಯಾರು, ಉತ್ತರಿಸುವವರು ಯಾರು? ಯಾರು ಎಲ್ಲಿಂದ ಬಂದವರು ಎಂಬುದನ್ನು ವಿಚಾರಿಸುವ ಮೊದಲ ಪಾಠದಲ್ಲಿ ವಿಚಾರಣೆಗೆ ಒಳಗಾಗುವವರು ಯಾರು? ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಎದುರು ಕುಳಿತು ಹೆಸರು, ಊರು, ಜಾತಿ, ವಯಸ್ಸು ಬರೆದುಕೊಳ್ಳುವ ನಮಗೆ ಪ್ರಶ್ನೆ ಕೇಳುವ ಅಧಿಕಾರ ಎಂಥದೆಂದು ಗೊತ್ತಿದೆ, ಅಥವಾ ಗೊತ್ತಿರಬೇಕು.

ಜರ್ಮನಿಗೆ ಬಂದು ನೆಲೆಸುವವರಿಗಾಗಿ 2005ರಲ್ಲಿ ಆರಂಭವಾದ ಏಕೀಕರಣ ಶಿಕ್ಷಣದ ತರಗತಿಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಸಾಮಾನ್ಯ ಕ್ರಮದಲ್ಲಿ 600 ಗಂಟೆಗಳ ಭಾಷಾ ಬೋಧನೆ, 100 ಗಂಟೆಗಳ ದೇಶ ಪರಿಚಯ ಅಲ್ಲಿರುತ್ತದೆ. ಕುಟುಂಬವೃಕ್ಷವನ್ನು ಬರೆದು ವಿವರಿಸುವುದು ಆರಂಭದ ಪಾಠಗಳಲ್ಲಿ ಒಂದು. ಯುದ್ಧದಿಂದ ತಪ್ಪಿಸಿಕೊಂಡು ಬಂದವನಿಗೆ ಅಣ್ಣ, ತಂಗಿ, ತಾಯಿ ಎಂಬವು ಶಬ್ದಕೋಶದ ಹೊಸ ಪದಗಳಾಗಿ ಮಾತ್ರ ಬರುವುದಿಲ್ಲ. ಇದನ್ನು ಬಲ್ಲ ಅಧ್ಯಾಪಕರು ಕಲ್ಪಿತ ಕುಟುಂಬವೊಂದರ ವೃಕ್ಷವನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಬದಲಾವಣೆ ಚಿಕ್ಕದು, ಪುಟದ ಚಿತ್ರ ಬದಲಿಸಿದುದಕ್ಕಿಂತ ಇದರ ಫಲ ದೊಡ್ಡದು.

ಎರಡನೆಯ ಮಾರ್ಗ ತೆಗೆದುಹಾಕುವುದು. ಜರ್ಮನ್ ಮಕ್ಕಳ ಸಾಹಿತ್ಯದಲ್ಲಿ ಈ ವಿವಾದ ಎರಡು ಸಲ ಎದ್ದು ಕಂಡಿತು. ಪಿಪ್ಪಿಯ ತಂದೆಯನ್ನು ಕುರಿತು ಕರಿಯರನ್ನು ಹೀಯಾಳಿಸುವ ಪದದೊಂದಿಗೆ ಬರುತ್ತಿದ್ದ ಬಿರುದನ್ನು 2009ರ ಜರ್ಮನ್ ಆವೃತ್ತಿ 'ದಕ್ಷಿಣ ಸಮುದ್ರದ ರಾಜ' ಎಂದು ಬದಲಿಸಿತು. ಓಟ್‌ಫ್ರೀಡ್ ಪ್ರೊಯ್ಸ್‌ಲರ್ 1957ರಲ್ಲಿ ಬರೆದ 'ಪುಟ್ಟ ಮಾಟಗಾತಿ'ಯಲ್ಲಿ ಇಂಥದೇ ಪದಗಳನ್ನು ತೆಗೆಯುವುದಾಗಿ ಪ್ರಕಾಶಕರು 2013ರಲ್ಲಿ ತಿಳಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಮೂರನೆಯದು ಶಾಲೆಯೊಳಗಿನ ಪ್ರಸಂಗ. ವೋಲ್ಫ್‌ಗಾಂಗ್ ಕೋಪ್ಪೆನ್‌ನ 1951ರ ಕಾದಂಬರಿ 'ಹುಲ್ಲಿನಲ್ಲಿ ಪಾರಿವಾಳಗಳು' ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ವೃತ್ತಿಪರ ಪ್ರೌಢಶಾಲೆಗಳ ಅಂತಿಮ ಪರೀಕ್ಷೆಗೆ ನಿಗದಿಯಾದಾಗ, ಕಪ್ಪು ಸಮುದಾಯದ ಅಧ್ಯಾಪಕಿಯೊಬ್ಬರು 2023ರಲ್ಲಿ ಅದನ್ನು ವಿರೋಧಿಸಿ ಮನವಿ ಸಲ್ಲಿಸಿದರು. ಆ ನಿಂದಾಪದ ಕೃತಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಚಿವಾಲಯ ಆಗ ಕೃತಿಯನ್ನು ಹಿಂತೆಗೆದುಕೊಳ್ಳಲಿಲ್ಲ.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಎರಡೂ ಪಕ್ಷಗಳಲ್ಲಿದ್ದಾರೆ. ಅದು ಸರಿಯಲ್ಲ. ಮಕ್ಕಳ ಪುಸ್ತಕದಲ್ಲಿ ಕಥೆಯ ನಡೆಗೆ ಅಗತ್ಯವಿಲ್ಲದ ಒಂದು ಪದವನ್ನು ಬಿಡುವುದರಿಂದ ಸಾಹಿತ್ಯ ಸಾಯುವುದಿಲ್ಲ. ಕೋಪ್ಪೆನ್ ವರ್ಣದ್ವೇಷವನ್ನು ಬಯಲಿಗೆಳೆಯುವುದಕ್ಕಾಗಿಯೇ ಆ ಭಾಷೆಯನ್ನು ಬಳಸುತ್ತಾನೆ. ಅಲ್ಲಿ ಪದವನ್ನು ಕಿತ್ತರೆ ಕೃತಿಯ ವಿಮರ್ಶೆಯೇ ಕುಸಿಯುತ್ತದೆ. ಹಾಗೆಂದು ಮನವಿ ಸಲ್ಲಿಸಿದ ಅಧ್ಯಾಪಕಿಯ ಪ್ರಶ್ನೆ ಬಿದ್ದುಹೋಗುವುದಿಲ್ಲ. ಅವರು ಕೃತಿಯ ಆಶಯವನ್ನು ಪ್ರಶ್ನಿಸಿದ್ದಕ್ಕಿಂತ ಹೆಚ್ಚಾಗಿ, ಪರೀಕ್ಷೆಯ ಒತ್ತಾಯದಿಂದ ಆ ಪದವನ್ನು ತಿಂಗಳುಗಟ್ಟಲೆ ತರಗತಿಯಲ್ಲಿ ಕೇಳುತ್ತ ಕುಳಿತಿರಬೇಕಾದ ಕಪ್ಪು ವಿದ್ಯಾರ್ಥಿಯ ಸ್ಥಾನವನ್ನು ತೋರಿಸಿದರು. ಲೇಖಕನ ಸದುದ್ದೇಶ ಆ ವಿದ್ಯಾರ್ಥಿಯ ಪಕ್ಕದಲ್ಲಿ ಬಂದು ಕೂರುವುದಿಲ್ಲ. ಹೈನ್‌ರಿಶ್ ಹೋಫ್‌ಮನ್‌ನ 1845ರ ಪ್ರಸಿದ್ಧ ಚಿತ್ರಪುಸ್ತಕ 'ಶ್ಟ್ರುವೆಲ್‌ಪೇಟರ್'ದಲ್ಲಿಯೂ ಇದೇ ತೊಡಕು. ಕಪ್ಪು ಹುಡುಗನನ್ನು ಗೇಲಿ ಮಾಡಿದ ಮಕ್ಕಳನ್ನು ಅಲ್ಲಿ ಶಾಯಿಯಲ್ಲಿ ಅದ್ದಿ ದಂಡಿಸಲಾಗುತ್ತದೆ. ನೀತಿ ಗೇಲಿಗೆ ವಿರುದ್ಧವಾಗಿದೆ. ದಂಡನೆಯ ರೂಪ ಮಾತ್ರ ಕಪ್ಪು ಬಣ್ಣವೇ.

ತೆಗೆದುಹಾಕುವುದನ್ನು ವಿರೋಧಿಸುವವರು ಸಾಮಾನ್ಯವಾಗಿ 'ಮೂಲ ಪಠ್ಯ'ದ ಪಾವಿತ್ರ್ಯವನ್ನು ಮುಂದೊಡ್ಡುತ್ತಾರೆ. ಗ್ರಿಮ್ ಕಥೆಗಳ ವಿಷಯದಲ್ಲಂತೂ ಈ ವಾದಕ್ಕೆ ಯಾವ ಆಧಾರವೂ ಇಲ್ಲ. 'ಮಕ್ಕಳ ಮತ್ತು ಮನೆವಾರ್ತೆಯ ಕಥೆಗಳು' ಮೊದಲು ಬಂದುದು 1812 ಮತ್ತು 1815ರಲ್ಲಿ. ಲೇಖಕರ ಜೀವಿತಕಾಲದ ಕೊನೆಯ ದೊಡ್ಡ ಆವೃತ್ತಿ 1857ರದು. ಈ ಅವಧಿಯಲ್ಲಿ ಮುಖ್ಯವಾಗಿ ವಿಲ್‌ಹೆಲ್ಮ್ ಗ್ರಿಮ್ ಕಥೆಗಳನ್ನು ಮತ್ತೆ ಮತ್ತೆ ತಿದ್ದಿದನು. ಮೊದಲ ಆವೃತ್ತಿಯ ರಪುಂಟ್ಸೆಲ್ ತನ್ನ ಉಡುಪು ಬಿಗಿಯಾಗುತ್ತಿದೆಯಲ್ಲ ಎಂದು ಮುಗ್ಧವಾಗಿ ಕೇಳಿ ಗರ್ಭವನ್ನು ಬಯಲು ಮಾಡುತ್ತಾಳೆ. ಮುಂದೆ ಆ ಮಾತು ಮಾಯವಾಯಿತು. ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಮೊದಲು ಹೆತ್ತ ತಾಯಿ, ಆಮೇಲೆ ಮಲತಾಯಿ. ಹೀಗೆ ತಿದ್ದಿ ಮಕ್ಕಳಿಗೆ 'ಯೋಗ್ಯ'ವಾಗಿಸಿದ ಸಂಗ್ರಹದಲ್ಲಿ 'ಮುಳ್ಳುಪೊದೆಯಲ್ಲಿನ ಯೆಹೂದಿ' ಎಂಬ ದ್ವೇಷಪೂರಿತ ಕಥೆ ಉಳಿದುಕೊಂಡಿತು. ಮಕ್ಕಳಿಗಾಗಿಯೇ ಆರಿಸಿದ 50 ಕಥೆಗಳ 1825ರ ಚಿಕ್ಕ ಆವೃತ್ತಿಗೂ ಅದು ಪ್ರವೇಶ ಪಡೆಯಿತು. ಯಾವುದನ್ನು ತೆಗೆಯಬೇಕು, ಯಾವುದು ಇರಬಹುದು ಎಂಬ ತೀರ್ಮಾನದಲ್ಲಿಯೇ ಒಂದು ಸಮಾಜದ ಮನಸ್ಸು ಕಾಣುತ್ತದೆ.

ಕಥೆ ಹೇಳಿದವರ ವಿಷಯದಲ್ಲಿಯೂ ಸಂಪಾದಕರ ಕೈ ಕೆಲಸ ಮಾಡಿದೆ. ಎರಡನೆಯ ಸಂಪುಟದ ಮುನ್ನುಡಿಯಲ್ಲಿ ಕಾಸೆಲ್ ಸಮೀಪದ ಅಪ್ಪಟ ರೈತ ಹೆಂಗಸೆಂಬಂತೆ ವರ್ಣಿತಳಾದ ಡೊರೊಥೇಯಾ ಫೀಮನ್ ವಾಸ್ತವವಾಗಿ ಹೋಟೆಲಿನವನ ಮಗಳು, ದರ್ಜಿಯೊಬ್ಬನ ಹೆಂಡತಿ. ಅವಳ ತಂದೆಯ ಪೂರ್ವಿಕರು ಫ್ರಾನ್ಸಿನಿಂದ ಓಡಿಬಂದ ಹ್ಯೂಗನೋ ನಿರಾಶ್ರಿತರು. ಮನೆಗೆಲಸದ ಮುದುಕಿಯೆಂದು ಬಹುಕಾಲ ನಂಬಲಾಗಿದ್ದ 'ಮರೀ' ಸುಶಿಕ್ಷಿತ ಹಾಸೆನ್‌ಪ್ಫ್ಲೂಗ್ ಮನೆತನದ ತರುಣಿಯೆಂದು ಹೈನ್ಸ್ ರೋಲ್ಲೆಕೆ 1970ರ ದಶಕದಲ್ಲಿ ತೋರಿಸಿಕೊಟ್ಟರು. ಅವಳ ಮನೆಯಲ್ಲಿಯೂ ಹ್ಯೂಗನೋ ಪರಂಪರೆ ಇತ್ತು. ಅಂದರೆ 'ಶುದ್ಧ ಜರ್ಮನ್' ಎಂದು ತರಗತಿಯಲ್ಲಿ ಕಲಿಸುವ ಕಥೆಗಳಲ್ಲಿ ಕೆಲವನ್ನಾದರೂ ಹೇಳಿದವರು ವಲಸೆಗಾರರ ಮೊಮ್ಮಕ್ಕಳು. ಏಕೀಕರಣ ತರಗತಿಯಲ್ಲಿ ಕುಳಿತ ಸಿರಿಯಾದವನಿಗೋ ಉಕ್ರೇನಿನವಳಿಗೋ ಈ ಒಂದು ಸಂಗತಿಯನ್ನು ಹೇಳಿದರೆ ಕಥೆಯೊಂದಿಗಿನ ಅವರ ಸಂಬಂಧವೇ ಬೇರೆಯಾಗುತ್ತದೆ. ಇದಕ್ಕೆ ಹೊಸ ಪಠ್ಯ ಬೇಕಿಲ್ಲ. ಹಳೆಯ ಪಠ್ಯದ ಚರಿತ್ರೆಯನ್ನು ಮುಚ್ಚಿಡದಿದ್ದರೆ ಸಾಕು.

ಭಾಷಾ ತರಗತಿಗೆ ಬರುವ ಕಥೆ ಸರಳೀಕೃತ ರೂಪದಲ್ಲಿ ಬರುತ್ತದೆ. ಸರಳೀಕರಣದ ಅಪಾಯವನ್ನು ಪಠ್ಯಕಾರರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಜನಪದ ಕಥನವು ವೈದೃಶ್ಯದ ನಿಯಮಕ್ಕೆ ಒಳಪಟ್ಟಿರುತ್ತದೆ ಎಂದು ಆಕ್ಸೆಲ್ ಓಲ್ರಿಕ್ 1909ರಷ್ಟು ಹಿಂದೆಯೇ ಹೇಳಿದ್ದನು. ದೊಡ್ಡದು ಚಿಕ್ಕದು, ಒಳಿತು ಕೆಡುಕು, ಬಡವ ಬಲ್ಲಿದ. ಆರಂಭದ ಹಂತದ ಭಾಷಾ ಪಾಠವೂ ವಿಶೇಷಣಗಳನ್ನು ಹೀಗೆಯೇ ಜೋಡಿ ಜೋಡಿಯಾಗಿ ಕಲಿಸುತ್ತದೆ. ಈ ಎರಡೂ ಒಂದಾದಾಗ ಕಥೆಯಲ್ಲಿ ಇದ್ದ ಕಾರಣ, ಹಿನ್ನೆಲೆ, ಬಡತನ ಎಲ್ಲವೂ ಸೋರಿಹೋಗಿ ವಿಶೇಷಣ ಮಾತ್ರ ಉಳಿಯುತ್ತದೆ. 'ಹೆನ್ಸೆಲ್ ಮತ್ತು ಗ್ರೆಟೆಲ್' ಕಥೆಯ ಮಾಟಗಾತಿ ಊರುಗೋಲು ಹಿಡಿದು ಬರುತ್ತಾಳೆ. ಕೆಂಪು ಕಣ್ಣಿನ ಅವಳಿಗೆ ದೂರದ್ದು ಕಾಣುವುದಿಲ್ಲ. ಮುಪ್ಪು, ಕುಂಟು, ಮಂದದೃಷ್ಟಿಗಳು ದುಷ್ಟತನದ ಗುರುತುಗಳಾಗುತ್ತವೆ. ಬರಗಾಲದಿಂದ ಮಕ್ಕಳನ್ನು ಕಾಡಿಗೆ ಬಿಟ್ಟ ಮನೆಯ ಹಸಿವು ಸರಳ ಪಠ್ಯದಲ್ಲಿ ಒಂದು ವಾಕ್ಯಕ್ಕೆ ಇಳಿದರೂ ಊರುಗೋಲು ಚಿತ್ರದಲ್ಲಿ ಉಳಿದೇ ಉಳಿಯುತ್ತದೆ.

ಈ ಹಿನ್ನೆಲೆಯಲ್ಲಿ 'ಒಕ್ಕಣ್ಣಿ, ಎರಡು ಕಣ್ಣಿನವಳು, ಮೂರು ಕಣ್ಣಿನವಳು' ಎಂಬ 130ನೆಯ ಕಥೆಯನ್ನು ತುಸು ವಿವರವಾಗಿ ನೋಡಬಹುದು. ಒಬ್ಬ ತಾಯಿಗೆ ಮೂವರು ಹೆಣ್ಣುಮಕ್ಕಳು. ಮೊದಲನೆಯವಳಿಗೆ ಹಣೆಯ ನಡುವೆ ಒಂದೇ ಕಣ್ಣು, ಕೊನೆಯವಳಿಗೆ ಮೂರು. ನಡುವಿನವಳಿಗೆ ಎಲ್ಲರಂತೆ ಎರಡು ಕಣ್ಣು. ಆ ಕಾರಣಕ್ಕೇ ತಾಯಿಗೂ ಅಕ್ಕತಂಗಿಯರಿಗೂ ಅವಳೆಂದರೆ ತಾತ್ಸಾರ. ಹರಕು ಬಟ್ಟೆ, ಎಂಜಲು ಅನ್ನ, ಮೇಕೆ ಕಾಯುವ ಕೆಲಸ. ಮಂತ್ರದಿಂದ ಊಟವಿಡುವ ಮೇಕೆ, ಅದನ್ನು ಪತ್ತೆಹಚ್ಚಲು ಸೋದರಿಯರ ಸರದಿ, ಹಾಡಿಗೆ ಎರಡು ಕಣ್ಣು ನಿದ್ರಿಸಿದರೂ ಎಚ್ಚರವಾಗಿದ್ದ ಮೂರನೆಯ ಕಣ್ಣು, ಕೊಂದ ಮೇಕೆಯ ಕರುಳನ್ನು ಹೂತ ಜಾಗದಲ್ಲಿ ಬೆಳೆದ ಬೆಳ್ಳಿ ಎಲೆ ಚಿನ್ನದ ಹಣ್ಣಿನ ಮರ, ಕೊನೆಗೆ ಸರದಾರನೊಂದಿಗೆ ಮದುವೆ. ಅಂತರರಾಷ್ಟ್ರೀಯ ವರ್ಗಸೂಚಿಯಲ್ಲಿ ಇದು 511ನೆಯ ವರ್ಗ.

ಸಹಿಷ್ಣುತೆಯ ಪಾಠಕ್ಕೆ ಈ ಕಥೆ ಹೇಳಿ ಮಾಡಿಸಿದಂತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. 'ಸಾಮಾನ್ಯ' ಎಂಬುದು ಎಣಿಕೆಯ ಮಾತು. ಆ ಮನೆಯಲ್ಲಿ ಬಹುಮತ ಯಾರದೋ ಅವರೇ ಸಾಮಾನ್ಯರು. ಇಷ್ಟನ್ನು ಹೇಳಿ ಪಾಠ ಮುಗಿಸುವುದು ಸುಲಭ. ಆದರೆ ಕಥೆಯನ್ನು ಮತ್ತೊಮ್ಮೆ ಓದಿ. ಕೇಳುಗನ ಮರುಕವೆಲ್ಲ ಎರಡು ಕಣ್ಣಿನವಳ ಕಡೆಗೆ. ಒಂದು ಕಣ್ಣು, ಮೂರು ಕಣ್ಣುಗಳೆರಡೂ ಹೊಟ್ಟೆಕಿಚ್ಚಿನ, ಕ್ರೌರ್ಯದ ಗುರುತುಗಳಾಗಿಯೇ ಉಳಿಯುತ್ತವೆ. ಕಥೆ ಕೇಳುವವನಿಗೂ ಎರಡು ಕಣ್ಣುಗಳಿವೆ ಎಂಬುದು ನಿರೂಪಣೆಯ ಅಡಿಗಟ್ಟು. ಕೊನೆಯಲ್ಲಿ ಭಿಕ್ಷೆ ಬೇಡುತ್ತ ಬಂದ ಸೋದರಿಯರನ್ನು ನಾಯಕಿ ಮನೆಯೊಳಗೆ ಸೇರಿಸಿಕೊಳ್ಳುತ್ತಾಳೆ. ಅವರು ಪಶ್ಚಾತ್ತಾಪ ಪಡುತ್ತಾರೆ. ಆಶ್ರಯ ಕೊಡುವ ಅಧಿಕಾರ ಎರಡು ಕಣ್ಣಿನವಳದು, ಕ್ಷಮೆ ಕೇಳುವ ಕರ್ತವ್ಯ ಉಳಿದವರದು. ಲೇಖನದ ಆರಂಭದಲ್ಲಿ ಹೇಳಿದ ಎರಡು ಪದಗಳಲ್ಲಿ ಇದು ಮೊದಲನೆಯದಕ್ಕೆ ಸೇರಿದುದು. ತರಗತಿಯಲ್ಲಿ ಈ ಕಥೆಯನ್ನು ಬಳಸಬಾರದೆಂದಲ್ಲ. ಒಕ್ಕಣ್ಣಿಯ ಬಾಯಿಂದ ಅದೇ ಕಥೆಯನ್ನು ಉತ್ತಮಪುರುಷದಲ್ಲಿ ಹೇಳಿಸಿ ನೋಡಬೇಕು. ಕ್ರಿಯಾರೂಪಗಳ ಅಭ್ಯಾಸವೂ ಆಗುತ್ತದೆ, ಕಥೆಯ ಪಕ್ಷಪಾತವೂ ಹೊರಬೀಳುತ್ತದೆ. ಪಾಠಾಂತರಗಳನ್ನು ಸೃಷ್ಟಿಸುವುದು ಜನಪದರಿಗೆ ಹೊಸದೇನಲ್ಲ.

'ಕೈಯಿಲ್ಲದ ಹುಡುಗಿ', 'ಹಾನ್ಸ್ ನನ್ನ ಮುಳ್ಳುಹಂದಿ' ಕಥೆಗಳಲ್ಲಿ ತೊಡಕು ಇನ್ನೂ ಆಳವಾದುದು. ಮೊದಲನೆಯದರಲ್ಲಿ ತಂದೆಯೇ ಮಗಳ ಕೈಗಳನ್ನು ಕಡಿಯುತ್ತಾನೆ. ರಾಜ ಬೆಳ್ಳಿಯ ಕೈಗಳನ್ನು ಮಾಡಿಸಿಕೊಡುತ್ತಾನೆ. ದೈವಕೃಪೆಯಿಂದ ಕೈಗಳು ಮತ್ತೆ ಬೆಳೆಯುತ್ತವೆ. ಮೆರ್ಶೆನ್‌ನ ಪಾತ್ರಗಳಿಗೆ ಆಳವಿಲ್ಲ, ಅವುಗಳ ದೇಹಕ್ಕೆ ರಕ್ತ ನೋವುಗಳಿಲ್ಲ ಎಂದು ಸ್ವಿಸ್ ವಿದ್ವಾಂಸ ಮಾಕ್ಸ್ ಲ್ಯೂಥಿ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದನು. ಶೈಲಿಯ ವಿವರಣೆಯಾಗಿ ಇದು ಸರಿ. ಆದರೆ ನೋವಿಲ್ಲದ ಊನ ಎಂಬುದು ಊನವನ್ನು ಬರಿಯ ಸಂಕೇತವನ್ನಾಗಿಸುತ್ತದೆ. ಕಥೆ ಮುಗಿಯಬೇಕಾದರೆ ಆ ಸಂಕೇತ ಅಳಿಸಿಹೋಗಬೇಕು. ಮುಳ್ಳುಹಂದಿಯ ಚರ್ಮವನ್ನು ಸುಟ್ಟ ಮೇಲೆ ಕಪ್ಪಾಗಿದ್ದ ಹಾನ್ಸ್‌ನಿಗೆ ವೈದ್ಯ ಲೇಪನ ಹಚ್ಚಿ ತೊಳೆದಾಗ ಅವನು ಬೆಳ್ಳಗಾಗಿ ಸುಂದರ ತರುಣನಾಗುತ್ತಾನೆ. ಊನ ಮತ್ತು ಬಣ್ಣ ಎರಡೂ ಒಂದೇ ಸ್ನಾನದಲ್ಲಿ ಹೋಗುತ್ತವೆ. ಗ್ರಿಮ್ ಕಥೆಗಳಲ್ಲಿನ ಅಂಗವೈಕಲ್ಯವನ್ನು ಕುರಿತು ಆನ್ ಶ್ಮೀಸಿಂಗ್ 2014ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದಿದ್ದಾರೆ. ನಮ್ಮ ಜನಪದ ಕಥೆಗಳ ಕುರುಡ, ಕುಂಟ, ಗೂನಿಯರನ್ನು ಕುರಿತು ಅಂಥ ಅಧ್ಯಯನಕ್ಕೆ ಕೈಹಾಕಲು ನಾವು ಹಿಂಜರಿಯಬೇಕಾದ ಕಾರಣವಿಲ್ಲ.

ಲಿಂಗದ ಪ್ರಶ್ನೆಯಲ್ಲಿ ಯಾಕೋಬ್ ಗ್ರಿಮ್ ಮತ್ತೆ ಎದುರಾಗುತ್ತಾನೆ. 1831ರಲ್ಲಿ ಬಂದ ತನ್ನ ವ್ಯಾಕರಣದ ಮೂರನೆಯ ಭಾಗದಲ್ಲಿ ಅವನು ವ್ಯಾಕರಣ ಲಿಂಗವು ನೈಸರ್ಗಿಕ ಲಿಂಗದ ವಿಸ್ತರಣೆಯೆಂದು ವಿವರಿಸಿದನು: ದೊಡ್ಡದು, ಗಟ್ಟಿಯಾದುದು, ಚಲನಶೀಲವಾದುದು ಪುಲ್ಲಿಂಗ, ಚಿಕ್ಕದು, ಮೃದುವಾದುದು, ತಾಳಿಕೊಳ್ಳುವುದು ಸ್ತ್ರೀಲಿಂಗ. ಇಂದಿನ ಭಾಷಾವಿಜ್ಞಾನ ಇದನ್ನು ಒಪ್ಪುವುದಿಲ್ಲ. 2017ರ ಸಂವಿಧಾನ ನ್ಯಾಯಾಲಯದ ತೀರ್ಪಿನ ಫಲವಾಗಿ 2018ರ ಕೊನೆಯಲ್ಲಿ ಜನನ ದಾಖಲೆಯಲ್ಲಿ ಮೂರನೆಯ ಲಿಂಗಕ್ಕೆ ಸ್ಥಾನ ದೊರೆಯಿತು. ಅಧ್ಯಾಪಕ, ಅಧ್ಯಾಪಕಿ ಎಂಬ ರೂಪಗಳ ನಡುವೆ ನಕ್ಷತ್ರ ಚಿಹ್ನೆ ಹಾಕಿ ಎಲ್ಲರನ್ನೂ ಒಳಗೊಳ್ಳುವ ಬರವಣಿಗೆ ಹರಡಿತು. ಜರ್ಮನ್ ಕಾಗುಣಿತ ಮಂಡಳಿ 2021ರಲ್ಲಿ ಆ ಚಿಹ್ನೆಯನ್ನು ಅಧಿಕೃತ ನಿಯಮಗಳಿಗೆ ಸೇರಿಸಲು ಶಿಫಾರಸು ಮಾಡಲಿಲ್ಲ. ಬವೇರಿಯ ರಾಜ್ಯ 2024ರ ಏಪ್ರಿಲ್‌ನಿಂದ ಶಾಲೆ ಮತ್ತು ಕಚೇರಿಗಳಲ್ಲಿ ಅದನ್ನು ನಿಷೇಧಿಸಿತು. ವಿದೇಶದ ಕಲಿಕಾರ್ಥಿಗೆ ಈ ಜಗಳವನ್ನು ಮರೆಮಾಚಿ ಒಂದು ರೂಪವನ್ನು ಮಾತ್ರ ಕಲಿಸುವುದು, ಯಾವ ರೂಪವೇ ಆಗಲಿ, ಅಪ್ರಾಮಾಣಿಕ.

ಕನ್ನಡಿಗರು 'ಅಧ್ಯಾಪಕರು' ಎಂಬ ರೂಪವನ್ನು ತೋರಿಸಿ ನಮಗೆ ಈ ಕಷ್ಟವಿಲ್ಲವೆಂದು ಹೇಳಬಹುದು. ಆ 'ರು' ಗೌರವದ ಗುರುತೂ ಹೌದು. ಎಲ್ಲರಿಗೂ ಅದು ಸಮನಾಗಿ ಸಿಕ್ಕಿಲ್ಲ. ಜರ್ಮನ್‌ನಲ್ಲಿ 'ಹುಡುಗಿ' ನಪುಂಸಕಲಿಂಗವೆಂದು ನಮ್ಮ ತರಗತಿಯಲ್ಲಿ ನಗೆಯೆದ್ದಾಗ, ಹವ್ಯಕ ಕನ್ನಡದಲ್ಲಿ ಹೆಣ್ಣನ್ನು 'ಅದು' ಎಂದೇ ಕರೆಯುವುದನ್ನು ಒಬ್ಬಳು ನೆನಪಿಸಿದಳು. ನಗೆ ನಿಂತಿತು.

ಅದೇ ತರಗತಿಯಲ್ಲಿ ದೃಷ್ಟಿಯಿಲ್ಲದ ಸಹಪಾಠಿಯೊಬ್ಬನಿದ್ದನು. ಕೇಳಿ ಕಲಿಯುವುದರಲ್ಲಿ ಅವನು ನಮಗೆಲ್ಲ ಮುಂದು. ಉದ್ದವಾದ ಸಮಾಸಪದಗಳನ್ನು ಎಲ್ಲಿ ಬಿಡಿಸಬೇಕೆಂಬುದು ಅವನ ಕಿವಿಗೆ ಗೊತ್ತಾಗುತ್ತಿತ್ತು. ಅಂಥ ಅಭ್ಯರ್ಥಿಗಳಿಗೆ ಗೊಯೆಥೆ ಸಂಸ್ಥೆಯ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ ಮೊದಲಾದ ಅನುಕೂಲಗಳಿವೆ. ದಿನನಿತ್ಯದ ಪಾಠದ ಮಾತು ಬೇರೆ. ಒಂದು ದಿನ 'ಬ್ರೆಮೆನ್ ನಗರದ ವಾದ್ಯಗಾರರು' ಕಥೆ ಬಂದಿತು. ಮುದಿಯಾಗಿ ಕೆಲಸಕ್ಕೆ ಬಾರದವೆಂದು ಒಡೆಯರು ಕೈಬಿಟ್ಟ ಕತ್ತೆ, ನಾಯಿ, ಬೆಕ್ಕುಗಳೂ ಸಾರಿಗೆ ಹೋಗಲಿದ್ದ ಹುಂಜವೂ ಒಟ್ಟುಗೂಡಿ ಹೊಸ ಬಾಳು ಕಟ್ಟಿಕೊಳ್ಳುವ ಕಥೆ ಅದು. ಪಾಠದ ಮುಖ್ಯ ಆಶಯವೇ ಹೊರದೂಡಲ್ಪಟ್ಟವರ ಒಗ್ಗಟ್ಟು ಎಂದು ಪುಸ್ತಕ ಹೇಳಿಕೊಂಡಿತ್ತು. ಅಭ್ಯಾಸ ಮಾತ್ರ ಹೀಗಿತ್ತು: ಆರು ಚಿತ್ರಗಳನ್ನು ನೋಡಿ, ಕ್ರಮವಾಗಿ ಜೋಡಿಸಿ, ಭೂತಕಾಲದಲ್ಲಿ ಕಥೆ ಹೇಳಿರಿ. ನಾವು ಜೋಡಿ ಜೋಡಿಯಾಗಿ ಚಿತ್ರಗಳ ಮೇಲೆ ಬಾಗಿದೆವು. ಅವನಿಗೆ ಕ್ರಿಯಾಪದಗಳ ಒಂದು ಪಟ್ಟಿಯನ್ನು ಓದಿ ಹೇಳಿ ರೂಪಗಳನ್ನು ಬಾಯಿಪಾಠ ಮಾಡುತ್ತಿರುವಂತೆ ಸೂಚಿಸಲಾಯಿತು. ಅಧ್ಯಾಪಕರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಪುಸ್ತಕ ಅವರಿಗೆ ಬೇರೆ ದಾರಿ ಕೊಟ್ಟಿರಲಿಲ್ಲ. ನಮಗೂ ಆಗ ಏನೂ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆರು ಚಿತ್ರಗಳ ಬದಲು ಆರು ವಾಕ್ಯಗಳನ್ನು ಕಲಸಿ ಗಟ್ಟಿಯಾಗಿ ಓದಿದ್ದರೆ ಅವನೂ ಕ್ರಮ ಹೇಳುತ್ತಿದ್ದನು, ಬಹುಶಃ ನಮಗಿಂತ ಮೊದಲೇ. ಆ ಕಥೆ ಅವನಿಗೆ ಪೂರ್ತಿ ಬರುತ್ತಿತ್ತು ಎಂಬುದು ತರಗತಿ ಮುಗಿದು ಬಸ್ ನಿಲ್ದಾಣದವರೆಗೆ ನಡೆಯುವಾಗ ಗೊತ್ತಾಯಿತು. ಕತ್ತೆಯ ಬೆನ್ನ ಮೇಲೆ ನಾಯಿ, ನಾಯಿಯ ಮೇಲೆ ಬೆಕ್ಕು, ಬೆಕ್ಕಿನ ತಲೆಯ ಮೇಲೆ ಹುಂಜ ನಿಂತು ಒಟ್ಟಿಗೆ ಕೂಗಿದ ಪ್ರಸಂಗವನ್ನು ಅವನು ನಾಲ್ಕೂ ದನಿಗಳಲ್ಲಿ ಹೇಳಿ ತೋರಿಸಿದನು, ಕ್ರಿಯಾರೂಪಗಳಲ್ಲಿ ಒಂದೂ ತಪ್ಪಿಲ್ಲದೆ.